ಬಾಜಿಗಿಟ್ಟ ನಾಲಿಗೆ

ನಮ್ಮೂರಿನ ಗಂಡಸರಿಗೆ ಒಂದು ಮಾತು ಬಾಯಿಪಾಠ, ‘ಸುಮ್ನೆ ತಮಾಷೆಗೆ.’ ಅಂಚೆ ಕಚೇರಿಯ ಶೀನಪ್ಪ ತನ್ನ ಶಿಳ್ಳೆಯನ್ನು ಸೋತು ಬಂದ ದಿನ ಅದನ್ನೇ ಹೇಳಿದ. ಈಗಲೂ ತುಟಿ ಮುಂದೆ ಮಾಡಿ ಊದುತ್ತಾನೆ, ಬರೀ ಗಾಳಿ ಬರುತ್ತದೆ. ಮಗ್ಗದ ಮಲ್ಲಣ್ಣ ಮಧ್ಯಾಹ್ನದ ನಿದ್ದೆ ಸೋತ. ಉಂಡು ಚಾಪೆ ಹಾಸಿ ಮಲಗಿದರೆ ರೆಪ್ಪೆಯೊಳಗೆ ಬಿಸಿಲು ಉರಿಯುತ್ತಲೇ ಇರುತ್ತದೆಯಂತೆ. ಅದೂ ತಮಾಷೆಯೇ. ಹೈಸ್ಕೂಲಿನ ಕನ್ನಡ ಪಂಡಿತರು ‘ಳ’ಕಾರವನ್ನು ಸೋತು ಮರುದಿನ ತರಗತಿಗೆ ಬಂದು ‘ಮಕ್ಕಲೇ’ ಎಂದರು. ಮಕ್ಕಳು ನಕ್ಕರು, ಪಂಡಿತರೂ ನಕ್ಕರು. ನಕ್ಕ ಮೇಲೆ ಹಳಗನ್ನಡ ಹೇಗೆ ಪಾಠ ಮಾಡುವುದೆಂದು ಗೊತ್ತಾಗದೆ ಕಿಟಕಿಯ ಹೊರಗೆ ನೋಡುತ್ತಾ ನಿಂತರಂತೆ.

ಪ್ರತಿ ಭಾನುವಾರ ಮಧ್ಯಾಹ್ನ ಹಳೇ ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಕಬಡ್ಡಿ ನಡೆಯುತ್ತದೆ. ಒಂದು ಕಡೆ ಗಾಣದಬೀದಿಯ ಹುಡುಗರು, ಇನ್ನೊಂದು ಕಡೆ ಕೋಟೆಬೀದಿಯವರು. ಆಟ ಚೆನ್ನಾಗಿಯೇ ಆಡುತ್ತಾರೆ, ಸುಳ್ಳು ಹೇಳಬಾರದು. ಆದರೆ ಬರೀ ಆಟ ನೋಡಲು ಹೋಗುವವರು ನಮ್ಮೂರಲ್ಲಿ ಯಾರೂ ಇಲ್ಲ. ಅಲ್ಲಿ ಬಾಜಿ ಕಟ್ಟಬೇಕು. ದುಡ್ಡು ಕಟ್ಟಿದರೆ ಹಿಡಿಯುವುದಿಲ್ಲ. ಹೊರಗಿನವನೊಬ್ಬ ಒಮ್ಮೆ ನೋಟು ಹಿಡಿದು ನಿಂತಾಗ, ಹರಿದ ಪಂಚೆ ಉಟ್ಟು ಬೀಗರ ಮನೆಗೆ ಬಂದವನನ್ನು ನೋಡುವ ಹಾಗೆ ಅವನನ್ನು ನೋಡಿದರು. ಇಲ್ಲಿ ಕಟ್ಟುವುದು ಮೈಗೆ ಅಂಟಿಕೊಂಡದ್ದನ್ನು. ‘ನನ್ನ ಇಂಥದ್ದು, ಇಂಥ ಬೀದಿಯ ಮೇಲೆ’ ಎಂದು ಹೇಳಿ ಪಟ್ಟಾಭಿ ಮೇಷ್ಟ್ರ ಅಂಗೈಗೆ ಅಂಗೈ ತಟ್ಟಿದರೆ ಮುಗಿಯಿತು. ಕೊನೆಯ ಸೀಟಿ ಊದಿದೊಡನೆ ಸೋತವನದು ಹೋಗುತ್ತದೆ. ಗೆದ್ದವನಿಗೆ ಅಂಥದ್ದೇ ಇನ್ನೊಂದು ಪಾಲೋ, ಅವನು ಕೇಳಿದ ಬೇರೊಂದೋ ಬರುತ್ತದೆ.

ಪಟ್ಟಾಭಿ ಮೇಷ್ಟ್ರು ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ಎರಡು ಬೀದಿಯ ಮೇಲಿನ ಬಾಜಿಯನ್ನೂ ಅವರೇ ಹಿಡಿಯುತ್ತಾರೆ. ಗೆದ್ದವನಿಗೆ ಕೊಡುವುದು ಸೋತವನಿಂದ ಬಂದದ್ದನ್ನು. ನಡುವೆ ಉಳಿದದ್ದು ಅವರ ಹತ್ತಿರವೇ ಉಳಿಯುತ್ತದೆ. ಉಳಿಯುತ್ತಲೇ ಬಂದಿದೆ. ಎಪ್ಪತ್ತು ದಾಟಿದ ಆ ಮನುಷ್ಯನಿಗೆ ಇಪ್ಪತ್ತರ ಹಸಿವು, ಕೂಸಿನ ನಿದ್ದೆ, ಕಾಡುಕೋಳಿಯ ಕಿವಿ. ತನ್ನದು ಎನ್ನುವ ಒಂದು ಸೀನನ್ನೂ ಅವರು ಇವತ್ತಿನವರೆಗೆ ಬಾಜಿಗೆ ಕಟ್ಟಿಲ್ಲ. ಇದನ್ನು ಊರಿಗೆ ಊರೇ ಬಲ್ಲದು. ಬಲ್ಲವರೇ ಭಾನುವಾರ ಮತ್ತೆ ಸಾಲು ನಿಲ್ಲುತ್ತಾರೆ.

ನನ್ನ ತಮ್ಮ ಗುರುಪಾದ ಮದುವೆ, ನಾಮಕರಣಗಳಿಗೆ ಅಡುಗೆ ಮಾಡುವವನು. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮೇಲೆ ಅವನ ಜೊತೆಗೇ ಸೌಟು ಹಿಡಿದೆ. ಅವನ ಹೆಂಡತಿ ಇಂದುಮತಿ ತರಕಾರಿ ಹೆಚ್ಚುವುದು, ಎಲೆ ಲೆಕ್ಕ, ಪಾತ್ರೆಪಗಡೆ ನೋಡಿಕೊಳ್ಳುತ್ತಿದ್ದಳು. ಅವಳು ಮಾತು ಕಡಿಮೆ. ನಮ್ಮ ಮನೆಯಲ್ಲಿ ಮಾತಿನ ಕೆಲಸವನ್ನೆಲ್ಲ ನಾನೇ ಮಾಡುತ್ತಿದ್ದೆ.

ಗುರುಪಾದ ಹುಡುಗನಾಗಿದ್ದಾಗ ಗಾಣದಬೀದಿಗೆ ಆಡಿದವನು. ಮೊಣಕಾಲು ತಿರುಚಿಕೊಂಡು ಆಟ ಬಿಟ್ಟರೂ ಯಾರ ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ, ಯಾರು ಎಡಗಾಲು ಮುಂದಿಟ್ಟರೆ ಬಲಕ್ಕೆ ಹಾರುತ್ತಾರೆ, ಎಲ್ಲ ಗೊತ್ತಿತ್ತು. ಆಟ ಬಲ್ಲವನಿಗೆ ಬಾಜಿಯೂ ಗೊತ್ತು ಎಂದು ಅವನು ತಿಳಿದ. ಇದೊಂದು ದೊಡ್ಡ ರೋಗ.

“ಅಕ್ಕ, ಕಟ್ಟದೆ ನೋಡಿದ್ರೆ ಅವರ ಪಾಡಿಗೆ ಅವರು ಆಡ್ತಾರೆ, ನಮ್ಮ ಪಾಡಿಗೆ ನಾವು ಕಡ್ಲೆಕಾಯಿ ತಿಂತೀವಿ. ಏನೋ ಒಂದು ಕಟ್ಟಿ ನೋಡು, ರೈಡಿಗೆ ಹೋದೋನು ನಮ್ಮೆದೆ ಮೇಲೇ ಕಾಲಿಟ್ಟು ಹೋದಂಗಿರ್ತದೆ,” ಎನ್ನುತ್ತಿದ್ದ.

“ಎದೆ ಮೇಲೆ ಕಾಲಿಡಿಸಿಕೊಳ್ಳೋಕೆ ಅಷ್ಟು ದೂರ ಯಾಕೆ ಹೋಗ್ತೀಯ? ಇಲ್ಲೇ ಮಲಕ್ಕೋ, ನಾನೇ ಇಡ್ತೀನಿ,” ಎಂದೆ.

ಅವನು ನಕ್ಕು ಹೋದ. ಆ ಭಾನುವಾರ ಗೋಲಿಸೋಡ ಮಾರುವ ಜಯಣ್ಣ ಕೋಟೆಬೀದಿಯ ಮೇಲೆ ತನ್ನ ಹುಳಿ ರುಚಿಯನ್ನು ಕಟ್ಟಿದ್ದ. ಗುರುಪಾದ ಗಾಣದಬೀದಿಯ ಮೇಲೆ ತನ್ನ ಹುಳಿ ಕಟ್ಟಿ ಗೆದ್ದು, ಜಯಣ್ಣನದನ್ನೂ ತಂದ. ಸೋಮವಾರ ಅವನು ಮಾಡಿದ ಸಾರನ್ನು ನಾನು ಮರೆಯುವ ಹಾಗಿಲ್ಲ. ಹುಣಸೆಹಣ್ಣಿನಲ್ಲಿ ಹಳೆಯದು ಯಾವುದು, ಹೊಸದು ಯಾವುದು, ಯಾವ ಮಡಕೆಯಲ್ಲಿತ್ತು ಎಂಬುದನ್ನೂ ಅವನ ನಾಲಿಗೆ ಹೇಳುತ್ತಿತ್ತು. ಎರಡೇ ತಿಂಗಳಲ್ಲಿ ಪಕ್ಕದ ಊರುಗಳವರೂ ಅವನನ್ನೇ ಬೇಕೆಂದು ಬಂದರು. ಮುಹೂರ್ತವನ್ನು ಅವನ ಬಿಡುವು ನೋಡಿ ಇಟ್ಟವರೂ ಇದ್ದರು. ಜಯಣ್ಣನ ಸೋಡಕ್ಕೆ ನಿಂಬೆ ಹೆಚ್ಚೋ ಕಡಿಮೆಯೋ ತಿಳಿಯದೆ ಅವನ ಗಾಡಿಯ ಮುಂದೆ ಯಾರೂ ನಿಲ್ಲದ ಹಾಗಾಯಿತು. ನಾನು ಆ ಗಾಡಿಯ ಪಕ್ಕದಲ್ಲೇ ದಿನಾ ಸಂತೆಗೆ ಹೋಗುತ್ತಿದ್ದೆ. ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದೆ, ಅಷ್ಟೆ. ತಮ್ಮ ಗೆಲ್ಲುತ್ತಿರುವವರೆಗೆ ನನ್ನ ಬಾಯಿಗೂ ಬೀಗವಿತ್ತು. ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆಮೇಲೆ ಅವನು ಕಹಿಯನ್ನು ಸೋತ. ಸೋತು ಬಂದವನು ಅಂಗಳದಲ್ಲೇ ನಗುತ್ತಾ ನಿಂತಿದ್ದ. “ಕಹಿ ಹೋದ್ರೆ ಹೋಯ್ತು ಬಿಡಕ್ಕ. ಅದೇನು ಬಂಗಾರವೇ? ಹಾಗಲಕಾಯಿ ಕಂಡ್ರೆ ನಂಗೆ ಮೊದಲಿಂದಾನೂ ಆಗಲ್ಲ. ಬುದ್ಧಿವಂತಿಕೆ ಅಂದ್ರೆ ಇದು, ಬೇಡದ್ದನ್ನ ಕಟ್ಟೋದು.”

ಊರಿನ ಗಂಡಸರಿಗೆ ಈ ಬುದ್ಧಿವಂತಿಕೆ ಬಹಳ ಹಿಡಿಸಿತು. ಕಹಿ ಕಟ್ಟುವುದೇ ಒಂದು ಗೀಳಾಯಿತು. ಗೆದ್ದರೆ ಏನೋ ಒಂದು ಬರುತ್ತದೆ, ಸೋತರೆ ಹೋಗುವುದು ಕಹಿ ತಾನೆ! ಒಂದು ಮಳೆಗಾಲ ಕಳೆಯುವುದರೊಳಗೆ ಊರಿನ ಅರ್ಧ ಗಂಡಸರ ಕಹಿ ಪಟ್ಟಾಭಿ ಮೇಷ್ಟ್ರ ನಾಲಿಗೆ ಸೇರಿತ್ತು. ಅವರು ಅಷ್ಟನ್ನು ಏನು ಮಾಡುತ್ತಿದ್ದರೋ, ಬೆಳಿಗ್ಗೆ ಎದ್ದು ಸಕ್ಕರೆಯಿಲ್ಲದ ಕಾಫಿಯನ್ನು ಚೂರು ಚೂರೇ ಹೀರುತ್ತಾ ಕಣ್ಣು ಮುಚ್ಚುತ್ತಿದ್ದರಂತೆ. ಗುರುಪಾದ ಕಂಡವರ ಮುಂದೆ ಬೇವಿನ ಸೊಪ್ಪನ್ನು ಮೇಕೆಯ ಹಾಗೆ ಮೇದು ತೋರಿಸುತ್ತಿದ್ದ. ನೋಡಿದವರು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ನಕ್ಕಿದ್ದೇನೆ. ಇಂದುಮತಿ ಒಬ್ಬಳೇ ನಗಲಿಲ್ಲ. “ದೇವರು ಕೊಟ್ಟಿದ್ದು ಯಾವುದಕ್ಕೋ ಇರ್ತದೆ ಅತ್ತಿಗೆ,” ಎಂದು ಹೇಳಿ ಪಾತ್ರೆ ತಿಕ್ಕಲು ಹೋದಳು.

ಕಾರ್ತಿಕದಲ್ಲಿ ಸರ್ವಮಂಗಳಮ್ಮನ ಮನೆಯಲ್ಲಿ ಮೊಮ್ಮಗನ ನಾಮಕರಣ ಬಂತು. ಇನ್ನೂರು ಎಲೆ. ಬಾಣಂತಿ ತಾರಿಣಿ ಆ ಮನೆಯ ಸೊಸೆ, ಇನ್ನೂ ಇಪ್ಪತ್ತೆರಡು ತುಂಬದ ಹುಡುಗಿ. ಬಾಣಂತಿಗೂ ಆಗಲಿ ಎಂದು ಸೋರೆಕಾಯಿ ತೊವ್ವೆ ಹೇಳಿದ್ದರು. ಅಡುಗೆಯವರಿಗೆ ಒಂದು ಪದ್ಧತಿಯಿದೆ. ಸೋರೆಕಾಯಿ, ಸೌತೆಕಾಯಿ, ಹೀರೆಕಾಯಿ ಯಾವುದೇ ಇರಲಿ, ಪ್ರತಿಯೊಂದರ ತೊಟ್ಟಿನ ಕಡೆ ಒಂದು ಚೂರು ಕೊಯ್ದು ಬಾಯಿಗೆ ಹಾಕಿ ನೋಡಲೇಬೇಕು. ಕಹಿ ಸೋರೆಕಾಯಿ ವಿಷ. ನೂರರಲ್ಲಿ ಒಂದು ಹಾಗಿರುತ್ತದೆ, ಆ ಒಂದು ಬಿದ್ದರೆ ಹಂಡೆಗೆ ಹಂಡೆಯೇ ಹೋಯಿತು. ಬೆಂದ ಮೇಲೆ ನೋಡೋಣವೆಂದರೆ ನೈವೇದ್ಯ ಆಗುವವರೆಗೆ ನಾವು ಅಡುಗೆಯ ರುಚಿ ನೋಡುವುದಿಲ್ಲ. ಹಸಿಯಲ್ಲಿ ನೋಡಿದ್ದೇ ನೋಡಿದ್ದು.

ನಾನು ಕಾಯಿ ರುಬ್ಬುವುದರಲ್ಲಿದ್ದೆ. ಅಲ್ಲಿಂದಲೇ ಕೂಗಿದೆ, “ಗುರುಪಾದಾ, ಸೋರೆಕಾಯಿ ನೋಡಿದ್ಯೇನೋ?”

“ಒಂದೊಂದೂ ನೋಡ್ದೆ ಅಕ್ಕ. ಸೌತೆಕಾಯಿಗಿಂತ ಚೆನ್ನಾಗಿದೆ!”

ಅವನು ಸುಳ್ಳು ಹೇಳಲಿಲ್ಲ. ಒಂದೊಂದನ್ನೂ ಕೊಯ್ದು, ಅಗಿದು, ನುಂಗಿಯೇ ಹೇಳಿದ್ದ. ಅವನಿಗೆ ಕಹಿಯೇ ಇಲ್ಲ ಎನ್ನುವುದು ಆ ಕ್ಷಣ ಅವನಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ. ಇಲ್ಲದ್ದನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಇಂದುಮತಿ ಇದ್ದಿದ್ದರೆ ಕೇಳುತ್ತಿದ್ದಳೇನೋ. ಅವಳು ಎಲೆ ತರಲು ಹೋಗಿದ್ದಳು.

ಮೊದಲ ಪಂಕ್ತಿ ಕೂತ ಹತ್ತು ನಿಮಿಷಕ್ಕೆ ಹೆಂಗಸರ ಸಾಲಿನಲ್ಲಿ ಯಾರೋ ‘ಥೂ’ ಎಂದರು. ಇನ್ನೊಬ್ಬರು ಎಲೆಯ ಪಕ್ಕಕ್ಕೆ ಉಗಿದರು. ಒಬ್ಬರಾದ ಮೇಲೊಬ್ಬರು ತೊವ್ವೆಯನ್ನು ಎಲೆಯ ತುದಿಗೆ ಸರಿಸಿದರು. ಗಂಡಸರ ಸಾಲಿನಲ್ಲಿ ಮಾತ್ರ ಅರ್ಧಕ್ಕರ್ಧ ಜನ ತಲೆ ಎತ್ತದೆ ಉಣ್ಣುತ್ತಿದ್ದರು. “ಇನ್ನೊಂದು ಸೌಟು ಹಾಕಪ್ಪ, ಗುರುಪಾದನ ಕೈ ಅಂದ್ರೆ ಕೈ!” ಎಂದು ಮಲ್ಲಣ್ಣ ಬಡಿಸುವವನನ್ನು ಕರೆಯುತ್ತಿದ್ದ. ನಾನು ಓಡಿ ಬಂದು ಬಡಿಸುವವನ ಕೈಯಿಂದ ಬಕೆಟ್ಟು ಕಸಿದು ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ನಾಲಿಗೆಯಿಂದ ಹೊಟ್ಟೆಯವರೆಗೆ ಗೆರೆ ಎಳೆದ ಹಾಗಾಯಿತು. “ಏಳ್ರೋ! ಬಾಯಿಗಿಡಬೇಡಿ, ಏಳ್ರೋ!” ಎಂದು ಕಿರುಚಿದೆ. ಪಂಡಿತರು ಕೈ ಬಾಯಿಗೆ ಒಯ್ಯುತ್ತಲೇ, “ಏನಾಯ್ತಮ್ಮಾ, ಚೆನ್ನಾಗೇ ಇದೆಯಲ್ಲ?” ಎಂದು ಕೇಳಿದರು.

ಸಂಜೆಯೊಳಗೆ ಮೂವತ್ತೊಂದು ಮಂದಿ ವಾಂತಿ ಮಾಡುತ್ತಾ ಆಸ್ಪತ್ರೆಯ ಪಡಸಾಲೆಯಲ್ಲಿ ಮಲಗಿದ್ದರು. ಇಬ್ಬರು ಮುದುಕರನ್ನು ಬಿಟ್ಟರೆ ಅಷ್ಟೂ ಜನ ಬಾಜಿಯವರೇ. ಅವರ ಬಗ್ಗೆ ನನಗೆ ಆವತ್ತು ಕನಿಕರ ಬರಲಿಲ್ಲ, ಇವತ್ತೂ ಬರುವುದಿಲ್ಲ. ಆದರೆ ಒಳಕೋಣೆಯಲ್ಲಿ ಬಾಣಂತಿಗೆ ಎಲ್ಲರಿಗಿಂತ ಮೊದಲೇ ಬಡಿಸಿದ್ದರು. ತಾರಿಣಿ ರಕ್ತ ಕಾರಿದಳು. ನಾಲ್ಕು ದಿನ ಅವಳಿಗೆ ಪ್ರಜ್ಞೆ ಇದ್ದೂ ಇಲ್ಲದ ಹಾಗಿತ್ತು. ಬದುಕಿದಳು, ಆದರೆ ಎದೆಹಾಲು ಬತ್ತಿಹೋಯಿತು. ಹೆಸರಿಡಲೆಂದು ತೊಟ್ಟಿಲಲ್ಲಿ ಮಲಗಿಸಿದ್ದ ಕೂಸನ್ನು ಬೀದಿಯ ಇಬ್ಬರು ಹೆಂಗಸರು ಸರದಿಯ ಮೇಲೆ ಎತ್ತಿಕೊಂಡು ಹಾಲೂಡಿಸಿದರು.

ಒಂಬತ್ತನೆಯ ದಿನ ಗುರುಪಾದನನ್ನು ಕರೆದುಕೊಂಡು ಅವಳನ್ನು ನೋಡಲು ಹೋದೆ. ಮಂಚದ ಬದಿಯಲ್ಲಿ ಅವನು ಕೈ ಕಟ್ಟಿ ನಿಂತ. ತಾರಿಣಿ ಬೈಯಲಿಲ್ಲ. ಅವಳ ದನಿ ಸಣ್ಣಗಾಗಿತ್ತು.

“ನಾನು ಕಹಿ ಅಂದೆ ಅಣ್ಣ. ಒಂದೇ ತುತ್ತಿಗೆ ಅಂದೆ. ಬಾಣಂತಿ ಬಾಯಿ ಯಾವಾಗ್ಲೂ ಕಹೀನೇ, ಉಣ್ಣು ಅಂದ್ರು ಅತ್ತೆ. ಗುರುಪಾದಣ್ಣ ನೋಡಿರ್ತಾನೆ ಬಿಡೇ, ಅವನ ನಾಲಿಗೆ ತಪ್ಪತ್ತೇನೇ ಅಂದ್ರು.”

ಸರ್ವಮಂಗಳಮ್ಮ ಬಾಗಿಲ ಹೊರಗೆ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದರು. ಗುರುಪಾದ ದಾರಿಯುದ್ದಕ್ಕೂ ಅಳುತ್ತಾ ಬಂದ. ಗಂಡಸು ಬೀದಿಯಲ್ಲಿ ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಸರಿ, ಇವನಿಗೆ ಬುದ್ಧಿ ಬಂತು, ಇನ್ನು ಆ ಬಯಲಿನ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ನಲವತ್ತೆಂಟು ವರ್ಷ ಬದುಕಿದ ಹೆಂಗಸು ಹಾಗೆ ಅಂದುಕೊಳ್ಳಬಾರದಿತ್ತು.

ಭಾನುವಾರ ಅವನು ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿದ.

“ಎಲ್ಲಿಗೋ?”

“ಕಹಿ ವಾಪಸ್ ತರ್ತೀನಿ ಅಕ್ಕ. ಅದಿಲ್ದೆ ನಾನಿನ್ನು ಒಂದು ಸೌತೆಕಾಯಿ ಮುಟ್ಟಲ್ಲ. ಒಂದೇ ಒಂದು ಆಟ. ಗೆದ್ದು ಬಂದೋನು ಆ ಕಡೆ ಕಾಲಿಟ್ರೆ ಕೇಳು.”

“ಏನು ಕಟ್ತೀಯ?”

“ಉಪ್ಪು.”

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಇಂದುಮತಿ ಅವನ ಚಪ್ಪಲಿಯನ್ನು ಕಿತ್ತು ಬಚ್ಚಲೊಲೆಗೆ ಎಸೆದಳು. ಅವನು ಬರಿಗಾಲಿನಲ್ಲಿ ಹೋದ. ಉಪ್ಪು ಸೋತು ಬಂದ. ಮುಂದಿನ ವಾರ ಉಪ್ಪನ್ನೂ ಕಹಿಯನ್ನೂ ತರಲು ಸಿಹಿ ಕಟ್ಟಿದ, ಅದೂ ಹೋಯಿತು. ಬಾಜಿ ಕಟ್ಟಿದ್ದೇ ತಪ್ಪು ಎಂದು ಅವನಿಗೆ ಒಂದು ಸಲವೂ ಅನ್ನಿಸಲಿಲ್ಲ. ಒಂದು ವಾರ ಕೋಟೆಬೀದಿಯವನ ಕಾಲು ಗೆರೆ ಮುಟ್ಟಿದ್ದನ್ನು ರೆಫ್ರಿ ನೋಡಲಿಲ್ಲವಂತೆ. ಇನ್ನೊಂದು ವಾರ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತಂತೆ. ಸೋಲಿಗೆ ಅವನ ಬಳಿ ಇದ್ದಷ್ಟು ಕಾರಣಗಳು ಡಾಕ್ಟರ ಬಳಿ ಕಾಯಿಲೆಗೂ ಇರಲಿಕ್ಕಿಲ್ಲ. ಮನೆಯಲ್ಲಿ ಅನ್ನ ಕಲಸಿ ಬಾಯಿಗಿಟ್ಟುಕೊಂಡು ಬೂದಿ ತಿನ್ನುವವನ ಹಾಗೆ ಅಗಿಯುತ್ತಿದ್ದ. ಉಳಿದದ್ದು ಹುಳಿ ಒಂದೇ, ಅದೂ ಜಯಣ್ಣನದು ಸೇರಿ ಎರಡು ಪಾಲು. ಕುಡಿಯುವ ನೀರೂ ಅವನಿಗೆ ಹುಳಿ. ಅಡುಗೆಗೆ ಯಾರೂ ಕರೆಯುತ್ತಿರಲಿಲ್ಲ, ಕರೆದರೂ ಅವನು ಮಾಡುವ ಸ್ಥಿತಿಯಲ್ಲಿರಲಿಲ್ಲ.

ಮೂರನೆಯ ಭಾನುವಾರ ಅವನನ್ನು ಕೋಣೆಯಲ್ಲಿ ಹಾಕಿ ಚಿಲಕ ಎಳೆದು ಇಂದುಮತಿಯನ್ನು ಕಾವಲಿಗೆ ಕೂರಿಸಿ ನಾನೇ ಬಯಲಿಗೆ ನಡೆದೆ. ಇಡೀ ಊರಿನ ಮುಂದೆ ಆ ಮುದುಕನ ಮುಖಕ್ಕೆ ಉಗಿಯಬೇಕೆಂದು ಹೋದದ್ದು. ಪಟ್ಟಾಭಿ ಮೇಷ್ಟ್ರು ಕುರ್ಚಿಯಿಂದ ಎದ್ದು ಕೈ ಮುಗಿದರು.

“ಬನ್ನಿ ದಾಕ್ಷಾಯಣಮ್ಮನವರೇ. ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ನನ್ನ ತಮ್ಮಂದು ಕೊಡಿ.”

“ನಾನು ಕಿತ್ಕೊಂಡಿದ್ರೆ ತಾನೆ ಕೊಡೋದು? ಇಲ್ಲಿ ಯಾರೂ ಯಾರನ್ನೂ ಕೈ ಹಿಡಿದು ಕರೆಯಲ್ಲ ತಾಯಿ. ಅವರಾಗೇ ಬರ್ತಾರೆ.”

“ಆ ಹುಡುಗಿ ರಕ್ತ ಕಾರಿದ್ಲು.”

“ಕೇಳ್ದೆ. ಪಾಪ, ತುಂಬಾ ಬೇಜಾರಾಯ್ತು,” ಎಂದರು. ನಿಜವಾಗಿಯೂ ಬೇಜಾರಾದವರಂತೆಯೇ ಕಂಡರು. ಊರಿನವರ ಬೇಜಾರೂ ಒಂದಿಷ್ಟು ಅವರ ಬಳಿ ಇದ್ದಿರಬೇಕು. ಆಮೇಲೆ ಅಂಗೈ ಚಾಚಿದರು. “ಬೇಕಿದ್ರೆ ನೀವೇ ಕಟ್ಟಿ. ಗೆದ್ರೆ ಅವನ ಕಹಿ ಅವನಿಗೇ ಹೋಗ್ತದೆ.”

ಉಗಿಯಲೆಂದು ಹೋದವಳು ಅಂಗೈ ತಟ್ಟಿದೆ. ಗಾಣದಬೀದಿಯ ಮೇಲೆ, ನನ್ನ ನಾಲಿಗೆಯ ರುಚಿ ಪೂರ್ತಿ. ಸುತ್ತ ನಿಂತವರು ‘ಓಹೋ’ ಎಂದು ದಾರಿ ಬಿಟ್ಟು ನನ್ನನ್ನು ಗೆರೆಯ ಪಕ್ಕದಲ್ಲೇ ನಿಲ್ಲಿಸಿದರು.

ಆಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಕಾಲು ಗಂಟೆಯಲ್ಲಿ ಎಲ್ಲ ಗೊತ್ತಾಯಿತು. ತಿಪ್ಪೇಶಿ ಎಂಬ ಕಪ್ಪಗಿನ ಹುಡುಗ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ಕೋಟೆಬೀದಿಯವರ ಅಂಗಳಕ್ಕೆ ನುಗ್ಗಿದರೆ ನಾನೂ ಉಸಿರು ಹಿಡಿಯುತ್ತಿದ್ದೆ. ಅವನನ್ನು ಹಿಡಿದು ಕೆಡವಿದರೆ ನನ್ನ ಬೆನ್ನು ನೋಯುತ್ತಿತ್ತು. ಸೆರಗು ಎಲ್ಲಿ ಜಾರಿತ್ತೋ, “ಕಾಲು ಹಿಡೀರೋ! ಕಾಲು!” ಎಂದು ನಾನೇ ಕೂಗುತ್ತಿದ್ದೆ. ಗಂಡ ಸತ್ತ ಮೇಲೆ ಹನ್ನೊಂದು ವರ್ಷ ನನ್ನ ಎದೆ ಅಷ್ಟು ಜೋರಾಗಿ ಹೊಡೆದುಕೊಂಡಿರಲಿಲ್ಲ. ತಾರಿಣಿ ನೆನಪಿರಲಿಲ್ಲ. ಗುರುಪಾದನೂ ನೆನಪಿರಲಿಲ್ಲ. ಕೊನೆಯ ದಾಳಿಯಲ್ಲಿ ತಿಪ್ಪೇಶಿಯನ್ನು ಮೂವರು ಕೆಡವಿಕೊಂಡರು. ಅವರ ಅಡಿಯಿಂದ ಅವನ ಒಂದು ಕೈ ಹೊರಬಂದು, ಬೆರಳು ತುದಿ ಗೆರೆಯನ್ನು ಮುಟ್ಟಿತು. ಸೀಟಿ ಕೂಗಿತು. ಗೆದ್ದಿದ್ದೆ.

ಜನ ನನ್ನನ್ನು ಸುತ್ತುಗಟ್ಟಿದರು. ಶೀನಪ್ಪ ಶಿಳ್ಳೆ ಹಾಕಲು ಹೋಗಿ ಗಾಳಿ ಊದಿದ. ಅಷ್ಟರಲ್ಲಿ ಗುರುಪಾದ ಬರಿಗಾಲಲ್ಲಿ ಓಡಿ ಬಂದ. ಹೆಂಚು ತೆಗೆದು ಸೂರಿನಿಂದ ಇಳಿದು ಬಂದಿದ್ದನಂತೆ. ಬಾಯಿಯ ತುಂಬ ಬೇವಿನ ಸೊಪ್ಪು. ಮುಖ ಕಿವುಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, “ಕಹಿ ಅಕ್ಕ! ಅಯ್ಯೋ, ಎಷ್ಟು ಕಹಿ!” ಎಂದು ನಗುತ್ತಿದ್ದ. ಒಂದು ಕ್ಷಣ ನಾನೂ ಅತ್ತೆ.

ಪಟ್ಟಾಭಿ ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ, “ಒಳ್ಳೇ ಕಣ್ಣು ತಾಯಿ ನಿಮ್ಮದು. ಉಪ್ಪು, ಸಿಹಿ ಇನ್ನೂ ಇಲ್ಲೇ ಇವೆ. ಮುಂದಿನ ಭಾನುವಾರ?” ಎಂದರು.

ಗುರುಪಾದ ನನ್ನ ಕೈ ಹಿಡಿದುಕೊಂಡ. “ಅದೃಷ್ಟ ನಿನ್ನ ಕೈ ಹಿಡಿದಿದೆ ಅಕ್ಕ. ಇನ್ನೊಂದೇ ಒಂದು ಆಟ.”

ಬಾಯಿಗೆ ಏನು ಬಂತೋ ಅದನ್ನು ನುಂಗಿಕೊಂಡು ಅವನನ್ನು ಎಳೆದುಕೊಂಡು ಮನೆಗೆ ಬಂದೆ. ಅವನು ನಡೆದದ್ದನ್ನೆಲ್ಲ ಬಣ್ಣ ಕಟ್ಟಿ ಹೇಳಿದ. ಇಂದುಮತಿ ಕೇಳಿಸಿಕೊಂಡು ನನ್ನ ಮುಖ ನೋಡಿದಳು.

“ಸೋತಿದ್ರೆ?” ಎಂದಳು.

“ಸೋಲಲಿಲ್ವಲ್ಲೇ!” ಎಂದೆ. ಎಂದ ಮೇಲೆ ಅದು ಯಾರ ಮಾತು ಎಂದು ತಿಳಿದು ನಾಲಿಗೆ ಕಚ್ಚಿಕೊಂಡೆ.

ಈಗ ನಮಗೆ ಮತ್ತೆ ಸಣ್ಣಪುಟ್ಟ ಅಡುಗೆಗಳು ಬರುತ್ತಿವೆ. ಕಹಿ, ಹುಳಿ ಗುರುಪಾದ ನೋಡುತ್ತಾನೆ. ಉಪ್ಪು, ಸಿಹಿ ನಾನು ನೋಡುತ್ತೇನೆ. ಎಲ್ಲವನ್ನೂ ಇಂದುಮತಿ ಇನ್ನೊಮ್ಮೆ ನೋಡುತ್ತಾಳೆ. ಸರ್ವಮಂಗಳಮ್ಮನ ಮನೆಯವರು ನಮ್ಮನ್ನು ಕರೆದಿಲ್ಲ, ಕರೆಯಬಾರದು ಕೂಡ. ಬಯಲಿನಲ್ಲಿ ಒಂದೆರಡು ವಾರ ಜನ ಕಡಿಮೆಯಿದ್ದರು. ಆಮೇಲೆ ಆಸ್ಪತ್ರೆಯಿಂದ ಬಂದವರೂ ಬೆಲ್ಟು ಬಿಗಿದುಕೊಂಡು ಹೋದರು. ಈಗ ಅವರೆಲ್ಲ ಕಹಿಯನ್ನು ಗೆದ್ದು ತರಲು ಬೇರೆ ಏನೇನನ್ನೋ ಕಟ್ಟುತ್ತಿದ್ದಾರೆ.

ಪ್ರತಿ ಭಾನುವಾರ ಮಧ್ಯಾಹ್ನ ಇಂದುಮತಿ ಅಕ್ಕಿ ಆರಿಸುವ ಮೊರ ಹಿಡಿದು ಬೀದಿ ಬಾಗಿಲ ಹೊಸ್ತಿಲ ಮೇಲೆ ಅಡ್ಡಲಾಗಿ ಕಾಲು ಚಾಚಿ ಕೂರುತ್ತಾಳೆ. ಗಂಡನನ್ನು ಕಾಯುತ್ತಾಳೆ ಎಂದು ಬೀದಿಯವರು ತಿಳಿದಿದ್ದಾರೆ. ಹೋದ ವಾರ ಗುರುಪಾದ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ದೂರದಲ್ಲಿ ಮೊದಲ ಸೀಟಿ ಕೇಳಿಸಿತು. ನಾನು ಚೀಲ ಹಿಡಿದು ಬಾಗಿಲಿಗೆ ಬಂದೆ.

“ಇಂದು, ಕೊತ್ತಂಬರಿ ಸೊಪ್ಪು ತರ್ತೀನಿ. ಸ್ವಲ್ಪ ಕಾಲು ತೆಗಿ.”

ಅವಳು ಮೊರದಿಂದ ತಲೆ ಎತ್ತಲಿಲ್ಲ.

“ಕೊತ್ತಂಬರಿ ಇದೆ ಅತ್ತಿಗೆ. ಕೂತ್ಕೊಳ್ಳಿ.”

ಕೂತೆ.